ಫಾರ್ಮಕೊಜೆನೆಟಿಕ್ಸ್

ಫಾರ್ಮಕೊಜೆನೆಟಿಕ್ಸ್ ಅಥವಾ ಔಷಧ ತಳಿವಿಜ್ಞಾನವು ಮನುಷ್ಯರ ನಡುವಿನ ಆನುವಂಶಿಕ ಭಿನ್ನತೆಗಳು ಔಷಧಗಳ ಪರಿಣಾಮವನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಅಧ್ಯಯನ ಮಾಡುವ ವಿಜ್ಞಾನಶಾಖೆಯಾಗಿದೆ. ಒಂದೇ ಕಾಯಿಲೆಗೆ ಒಂದೇ ಪ್ರಮಾಣದಲ್ಲಿ ನೀಡಿದ ಔಷಧವು ಒಬ್ಬರನ್ನು ಗುಣಪಡಿಸಬಹುದು, ಇನ್ನೊಬ್ಬರಲ್ಲಿ ಯಾವ ಪರಿಣಾಮವನ್ನೂ ತೋರದಿರಬಹುದು, ಮತ್ತೊಬ್ಬರ ಪ್ರಾಣಕ್ಕೇ ಅಪಾಯ ತರಬಹುದು. ವಯಸ್ಸು, ದೇಹದ ತೂಕ, ಆಹಾರ, ಯಕೃತ್ತು ಮತ್ತು ಮೂತ್ರಪಿಂಡಗಳ ಸ್ಥಿತಿ, ಜೊತೆಯಲ್ಲಿ ಸೇವಿಸುವ ಇತರ ಔಷಧಗಳು ಈ ವ್ಯತ್ಯಾಸಕ್ಕೆ ಕಾರಣವಾಗುತ್ತವೆ. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಬಳಿಕವೂ ಉಳಿಯುವ ವ್ಯತ್ಯಾಸದ ಗಣನೀಯ ಭಾಗವು ತಂದೆತಾಯಿಗಳಿಂದ ಬಂದ ವಂಶವಾಹಿಗಳಿಗೆ ಸಂಬಂಧಿಸಿದ್ದು. ಒಂದೊಂದು ವಂಶವಾಹಿಯ ಬದಲಿಗೆ ಇಡೀ ಜೀನೋಮ್‌ನ ಮಟ್ಟದಲ್ಲಿ ನಡೆಯುವ ಇದೇ ಬಗೆಯ ಅಧ್ಯಯನವನ್ನು ಫಾರ್ಮಕೊಜೀನೋಮಿಕ್ಸ್ ಎಂದು ಕರೆಯುತ್ತಾರೆ. ಬಳಕೆಯಲ್ಲಿ ಈ ಎರಡು ಪದಗಳ ನಡುವಿನ ಗೆರೆ ಬಹುಮಟ್ಟಿಗೆ ಅಳಿಸಿಹೋಗಿದೆ.

ವಂಶವಾಹಿಗಳು ಪರಿಣಾಮ ಬೀರುವ ಬಗೆ

ನುಂಗಿದ ಗುಳಿಗೆಯು ಕರುಳಿನ ಮೂಲಕ ರಕ್ತವನ್ನು ಸೇರಿ, ಅಂಗಾಂಶಗಳಿಗೆ ಹರಡಿ, ತನ್ನ ಗುರಿಯಾದ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ಅನಂತರ ಅದು ಮುಖ್ಯವಾಗಿ ಯಕೃತ್ತಿನಲ್ಲಿರುವ ಕಿಣ್ವಗಳಿಂದ ರೂಪಾಂತರಗೊಂಡು ಮೂತ್ರ ಅಥವಾ ಪಿತ್ತರಸದ ಮೂಲಕ ಹೊರಹೋಗುತ್ತದೆ. ಈ ಪಯಣದ ಪ್ರತಿ ಹಂತದಲ್ಲಿಯೂ ಯಾವುದಾದರೊಂದು ಪ್ರೋಟೀನಿನ ಪಾತ್ರವಿರುತ್ತದೆ, ಮತ್ತು ಪ್ರತಿ ಪ್ರೋಟೀನಿನ ರಚನೆಯೂ ಒಂದು ವಂಶವಾಹಿಯಲ್ಲಿ ಬರೆಯಲ್ಪಟ್ಟಿರುತ್ತದೆ. ಡಿಎನ್‌ಎ ಅಕ್ಷರಗಳಲ್ಲಿ ಒಂದು ಬದಲಾದರೂ ಕೆಲವೊಮ್ಮೆ ಕಿಣ್ವದ ಒಂದು ಅಮೈನೋ ಆಮ್ಲ ಬದಲಾಗಿ ಅದರ ವೇಗ ಕುಗ್ಗುತ್ತದೆ. ಇಡೀ ವಂಶವಾಹಿಯೇ ಕಾಣೆಯಾಗಿದ್ದರೆ ಕಿಣ್ವವೇ ಇರುವುದಿಲ್ಲ. ವಂಶವಾಹಿಯ ಪ್ರತಿಗಳು ಹೆಚ್ಚಿದ್ದರೆ ಕಿಣ್ವವೂ ಅತಿಯಾಗಿ ತಯಾರಾಗುತ್ತದೆ.

ಇದರ ಫಲವನ್ನು ತಿಳಿಯಲು ಔಷಧದ ಸ್ವರೂಪವನ್ನೂ ನೋಡಬೇಕಾಗುತ್ತದೆ. ಸೇವಿಸಿದ ರೂಪದಲ್ಲಿಯೇ ಸಕ್ರಿಯವಾಗಿರುವ ಔಷಧವನ್ನು ಒಡೆಯುವ ಕಿಣ್ವ ದುರ್ಬಲವಾಗಿದ್ದರೆ ಔಷಧವು ರಕ್ತದಲ್ಲಿ ಸಂಗ್ರಹಗೊಂಡು ವಿಷವಾಗುತ್ತದೆ. ಆದರೆ ಕೆಲವು ಔಷಧಗಳು ನಿಷ್ಕ್ರಿಯ ರೂಪದಲ್ಲಿ ದೇಹವನ್ನು ಸೇರಿ, ಕಿಣ್ವದ ಕ್ರಿಯೆಯಿಂದಲೇ ಸಕ್ರಿಯಗೊಳ್ಳುತ್ತವೆ. ಇವುಗಳ ವಿಷಯದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ: ಕಿಣ್ವ ದುರ್ಬಲವಾಗಿದ್ದರೆ ಔಷಧ ಕೆಲಸವನ್ನೇ ಮಾಡುವುದಿಲ್ಲ, ಅತಿ ಚುರುಕಾಗಿದ್ದರೆ ಸಾಮಾನ್ಯ ಪ್ರಮಾಣವೇ ಮಿತಿಮೀರಿದ ಪ್ರಮಾಣವಾಗುತ್ತದೆ. ಆದುದರಿಂದ ಯಾವುದೇ ವಂಶವಾಹಿಯ ರೂಪವನ್ನು ಔಷಧದ ಹೆಸರು ಹೇಳದೆ ಒಳ್ಳೆಯದು ಅಥವಾ ಕೆಟ್ಟದ್ದು ಎನ್ನುವುದು ಅರ್ಥಹೀನ.

ಇತಿಹಾಸ

ಬ್ರಿಟಿಷ್ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಆಲ್ಕ್ಯಾಪ್ಟೊನೂರಿಯಾ ಎಂಬ, ಮೂತ್ರವು ಕಪ್ಪಾಗುವ ಅಪರೂಪದ ಸ್ಥಿತಿಯು ಕುಟುಂಬಗಳಲ್ಲಿ ಮೆಂಡಲನ ನಿಯಮಗಳಂತೆ ಹರಿದುಬರುವುದನ್ನು ತೋರಿಸಿದನು. ರೂಪದಲ್ಲಿ ಹೇಗೋ ಹಾಗೆಯೇ ರಾಸಾಯನಿಕವಾಗಿಯೂ ಪ್ರತಿಯೊಬ್ಬ ಮನುಷ್ಯನೂ ಇನ್ನೊಬ್ಬನಿಗಿಂತ ಭಿನ್ನ ಎಂಬುದು ಅವನ ವಾದವಾಗಿತ್ತು. ಔಷಧಗಳಿಗೆ ಜನರು ಭಿನ್ನವಾಗಿ ಪ್ರತಿಕ್ರಿಯಿಸುವುದನ್ನೂ ಅವನು ಇದೇ ಬೆಳಕಿನಲ್ಲಿ ನೋಡಿದನು. ಆದರೆ ಸಾಕ್ಷ್ಯ ದೊರೆಯಲು ಅರ್ಧ ಶತಮಾನ ಬೇಕಾಯಿತು.

ಆ ಸಾಕ್ಷ್ಯ ಮಲೇರಿಯಾದಿಂದ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಲೇರಿಯಾ ಔಷಧಗಳ ಹುಡುಕಾಟ ತೀವ್ರವಾಗಿದ್ದಾಗ, ಪಮಾಕ್ವಿನ್ ಮತ್ತು ಅನಂತರ ಅದರ ಸಂಬಂಧಿ ಪ್ರೈಮಾಕ್ವಿನ್ ಸೇವಿಸಿದ ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಕೆಂಪು ರಕ್ತಕಣಗಳು ಹಠಾತ್ತಾಗಿ ಒಡೆದು ತೀವ್ರ ರಕ್ತಹೀನತೆ ಉಂಟಾಗುತ್ತಿತ್ತು. ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಕಾರಾಗೃಹದಲ್ಲಿ ಕೈದಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ದೋಷವಿರುವುದು ರಕ್ತಕಣದಲ್ಲಿಯೇ ಎಂದು ತಿಳಿದುಬಂದಿತು. 1956ರಲ್ಲಿ ಪಾಲ್ ಕಾರ್ಸನ್ ಮತ್ತು ಸಂಗಡಿಗರು ಕಾರಣವನ್ನು ಗುರುತಿಸಿದರು: ಗ್ಲುಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್, ಸಂಕ್ಷಿಪ್ತವಾಗಿ ಜಿ6ಪಿಡಿ, ಎಂಬ ಕಿಣ್ವದ ಕೊರತೆ. ಸೆರೆಯಲ್ಲಿರುವವರ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ಸ್ವತಂತ್ರ ಒಪ್ಪಿಗೆ ಎನ್ನಬಹುದು ಎಂಬ ಪ್ರಶ್ನೆ ಈ ಪ್ರಯೋಗಗಳಿಗೆ ಇಂದಿಗೂ ಅಂಟಿಕೊಂಡಿದೆ. ಈ ಶಾಖೆಯ ಬುನಾದಿಯ ಒಂದು ಕಲ್ಲು ಅಂತಹ ನೆಲದಿಂದ ಬಂದಿದೆ ಎಂಬುದನ್ನು ಮರೆಯಲಾಗದು.

ಇದೇ ದಶಕದಲ್ಲಿ ಕ್ಷಯರೋಗದ ಔಷಧ ಐಸೋನಿಯಾಜಿಡ್ ಇನ್ನೊಂದು ಉದಾಹರಣೆಯನ್ನು ಒದಗಿಸಿತು. ಎಲ್ಲರಿಗೂ ಸಮಾನ ಪ್ರಮಾಣ ನೀಡಿ ಕೆಲವು ಗಂಟೆಗಳ ಬಳಿಕ ರಕ್ತವನ್ನು ಪರೀಕ್ಷಿಸಿದರೆ ಜನರು ಎರಡು ಗುಂಪುಗಳಾಗಿ ಒಡೆಯುತ್ತಿದ್ದರು. ಒಂದು ಗುಂಪು ಔಷಧವನ್ನು ಬೇಗ ನಿಷ್ಕ್ರಿಯಗೊಳಿಸುತ್ತಿತ್ತು, ಇನ್ನೊಂದು ನಿಧಾನವಾಗಿ. ಈ ಕೆಲಸ ಮಾಡುವ ಕಿಣ್ವದ ವಂಶವಾಹಿಯನ್ನು ಇಂದು ಎನ್‌ಎಟಿ2 ಎಂದು ಕರೆಯಲಾಗುತ್ತದೆ. ನಿಧಾನ ಗುಂಪಿನವರಲ್ಲಿ ಕೈಕಾಲು ಜೋಮು ಹಿಡಿಯುವ ನರದೌರ್ಬಲ್ಯವೂ ಯಕೃತ್ತಿನ ಹಾನಿಯೂ ಹೆಚ್ಚು. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಗುಂಪಿಗೆ ಸೇರುತ್ತಾರೆ. ಐಸೋನಿಯಾಜಿಡ್ ಜೊತೆಗೆ ಬಿ6 ಜೀವಸತ್ವದ ಗುಳಿಗೆ ಕೊಡುವ ರೂಢಿಯು ನರಗಳ ರಕ್ಷಣೆಗಾಗಿಯೇ ಬಂದದ್ದು. 1956ರಲ್ಲಿ ಆರಂಭವಾದ ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದ ಅಧ್ಯಯನಗಳು ನಾಣ್ಯದ ಇನ್ನೊಂದು ಮುಖವನ್ನೂ ತೋರಿಸಿದವು: ವಾರಕ್ಕೊಮ್ಮೆ ಮಾತ್ರ ಔಷಧ ಕೊಡುವ ಕ್ರಮದಲ್ಲಿ, ಅದನ್ನು ಬೇಗ ನಿಷ್ಕ್ರಿಯಗೊಳಿಸುವವರಿಗೆ ಚಿಕಿತ್ಸೆಯ ಫಲ ಕಡಿಮೆಯಾಗಿತ್ತು.

ಈ ಬಿಡಿ ಸಂಗತಿಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದವನು ಅಮೆರಿಕದ ಆರ್ನೊ ಮೊಟುಲ್ಸ್ಕಿ. 1957ರ ತನ್ನ ಲೇಖನದಲ್ಲಿ ಅವನು ಔಷಧಗಳ ಅನಿರೀಕ್ಷಿತ ಪ್ರತಿಕ್ರಿಯೆಗಳು ಬಹುಮಟ್ಟಿಗೆ ಆನುವಂಶಿಕ ಕಿಣ್ವಭೇದಗಳ ಫಲವೆಂದು ವಾದಿಸಿದನು. 1959ರಲ್ಲಿ ಜರ್ಮನಿಯ ಫ್ರೀಡ್ರಿಕ್ ಫೋಗೆಲ್ ಈ ಕ್ಷೇತ್ರಕ್ಕೆ ಇಂದಿನ ಹೆಸರನ್ನು ಕೊಟ್ಟನು. 1962ರಲ್ಲಿ ಟೊರಾಂಟೊದ ವರ್ನರ್ ಕಾಲೊ ಇದರ ಮೊದಲ ಗ್ರಂಥವನ್ನು ಪ್ರಕಟಿಸಿದನು.

ಅರಿವಳಿಕೆ ಮತ್ತು ಉಸಿರಾಟ

ಕಾಲೊ ಅಧ್ಯಯನ ಮಾಡಿದ ಔಷಧ ಸಕ್ಸಿನೈಲ್‌ಕೋಲಿನ್. ಶಸ್ತ್ರಚಿಕಿತ್ಸೆಗೆ ಮುನ್ನ ಶ್ವಾಸನಾಳಕ್ಕೆ ಕೊಳವೆ ಇಳಿಸುವಾಗ ಸ್ನಾಯುಗಳನ್ನು ಕೆಲವೇ ನಿಮಿಷಗಳ ಕಾಲ ಸಡಿಲಗೊಳಿಸಲು ಇದನ್ನು ಚುಚ್ಚುತ್ತಾರೆ. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವು ಇದನ್ನು ಕ್ಷಿಪ್ರವಾಗಿ ಒಡೆಯುವುದರಿಂದ ರೋಗಿ ಬೇಗನೆ ತಾನಾಗಿ ಉಸಿರಾಡತೊಡಗುತ್ತಾನೆ. ಈ ಕಿಣ್ವ ದೋಷಯುಕ್ತವಾಗಿರುವವರಲ್ಲಿ ನಿಮಿಷಗಳು ಗಂಟೆಗಳಾಗುತ್ತವೆ. ಉಸಿರಾಟದ ಸ್ನಾಯುಗಳೂ ನಿಶ್ಚಲವಾಗಿರುವುದರಿಂದ ಅಷ್ಟು ಹೊತ್ತು ಕೃತಕ ಉಸಿರಾಟ ಮುಂದುವರಿಯದಿದ್ದರೆ ರೋಗಿ ಬದುಕುವುದಿಲ್ಲ. ಡೈಬುಕೇನ್ ಎಂಬ ರಾಸಾಯನಿಕವು ಸಹಜ ಕಿಣ್ವವನ್ನು ಸುಮಾರು ಶೇಕಡಾ 80ರಷ್ಟು, ದೋಷಯುಕ್ತ ರೂಪವನ್ನು ಸುಮಾರು ಶೇಕಡಾ 20ರಷ್ಟು ಮಾತ್ರ ತಡೆಯುತ್ತದೆ ಎಂಬುದನ್ನು ಕಂಡುಕೊಂಡ ಕಾಲೊ ಅದರ ಆಧಾರದ ಮೇಲೆ ಸರಳ ರಕ್ತಪರೀಕ್ಷೆಯೊಂದನ್ನು ರೂಪಿಸಿದನು.

ಭಾರತಕ್ಕೆ, ಅದರಲ್ಲಿಯೂ ದಕ್ಷಿಣ ಭಾರತಕ್ಕೆ, ಈ ಕಿಣ್ವದ ಕಥೆ ನೇರವಾಗಿ ಸಂಬಂಧಿಸಿದೆ. ಆಂಧ್ರಪ್ರದೇಶ, ತೆಲಂಗಾಣ, ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿ ನೆಲೆಸಿರುವ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸಮುದಾಯದಲ್ಲಿ ಕಿಣ್ವದ 307ನೆಯ ಸ್ಥಾನದ ಲ್ಯೂಸಿನ್ ಬದಲಿಗೆ ಪ್ರೋಲಿನ್ ಬಂದಿರುವ ಉತ್ಪರಿವರ್ತನೆಯನ್ನು ಗುರುತಿಸಿತು. ತಲೆಮಾರುಗಳಿಂದ ಸಮುದಾಯದೊಳಗೇ ವಿವಾಹಸಂಬಂಧ ನಡೆದುಬಂದಾಗ, ಎಂದೋ ಒಬ್ಬ ಪೂರ್ವಜರಲ್ಲಿದ್ದ ಬದಲಾವಣೆಯೊಂದು ಈ ರೀತಿ ಹರಡಿ ಉಳಿಯುತ್ತದೆ. ಇದು ಕಾಯಿಲೆಯಲ್ಲ. ಇದನ್ನು ಹೊತ್ತವರು ಜೀವನಪೂರ್ತಿ ಆರೋಗ್ಯವಂತರಾಗಿದ್ದು, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಒಂದು ನಿರ್ದಿಷ್ಟ ಚುಚ್ಚುಮದ್ದು ಬಿದ್ದಾಗ ಮಾತ್ರ ತೊಂದರೆಗೊಳಗಾಗುತ್ತಾರೆ. ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯ ಬಳಿಕ ಉಸಿರಾಟ ಮರಳಲು ತಡವಾಗಿತ್ತೇ ಎಂದು ಕೇಳುವುದು ಅರಿವಳಿಕೆ ತಜ್ಞರಿಗೆ ಖರ್ಚಿಲ್ಲದ ಪರೀಕ್ಷೆ. ಉತ್ತರ ಹೌದಾಗಿದ್ದರೆ ಬೇರೆ ಸ್ನಾಯುಸಡಿಲಕ ಬಳಸಿದರೆ ಸಾಕು.

ಕುಟುಂಬದ ಮಾತು ಜೀವ ಉಳಿಸಿದ ಪ್ರಸಿದ್ಧ ನಿದರ್ಶನವೊಂದು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ದಾಖಲಾಗಿದೆ. ಕಾಲು ಮುರಿದುಕೊಂಡಿದ್ದ 21 ವರ್ಷದ ವಿದ್ಯಾರ್ಥಿಯೊಬ್ಬನು ಮುರಿದ ಕಾಲಿಗಿಂತ ಅರಿವಳಿಕೆಗೇ ಹೆಚ್ಚು ಹೆದರಿದ್ದನು. ಅವನ ಹತ್ತು ಮಂದಿ ಬಂಧುಗಳು ಈಥರ್ ಅರಿವಳಿಕೆಯಲ್ಲಿ ಸತ್ತಿದ್ದರು. ವೈದ್ಯರಾದ ಮೈಕೆಲ್ ಡೆನ್‌ಬರೊ ಮತ್ತು ರಿಚರ್ಡ್ ಲವೆಲ್ 1960ರಲ್ಲಿ ಈ ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದರು. ದೇಹದ ಉಷ್ಣತೆ ಹಠಾತ್ತಾಗಿ ಏರಿ ಸ್ನಾಯುಗಳು ಬಿಗಿಯುವ ಈ ಸ್ಥಿತಿಯನ್ನು ಮಾರಕ ಅತ್ಯುಷ್ಣತೆ ಎನ್ನುತ್ತಾರೆ. ಬಹುತೇಕ ಪ್ರಕರಣಗಳಲ್ಲಿ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯನ್ನು ನಿಯಂತ್ರಿಸುವ ಆರ್‌ವೈಆರ್1 ವಂಶವಾಹಿಯ ಬದಲಾವಣೆ ಇದಕ್ಕೆ ಕಾರಣ. ಡ್ಯಾಂಟ್ರೊಲಿನ್ ಎಂಬ ಔಷಧ ಇದಕ್ಕೆ ಚಿಕಿತ್ಸೆ.

ಸೈಟೋಕ್ರೋಮ್ ಪಿ450 ಕಿಣ್ವಗಳು

1975ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಔಷಧಶಾಸ್ತ್ರಜ್ಞ ರಾಬರ್ಟ್ ಸ್ಮಿತ್ ಮತ್ತು ಅವನ ಸಹೋದ್ಯೋಗಿಗಳು ಡೆಬ್ರಿಸೊಕ್ವಿನ್ ಎಂಬ ರಕ್ತದೊತ್ತಡದ ಔಷಧವನ್ನು ತಾವೇ ಸೇವಿಸಿ ಪರೀಕ್ಷಿಸಿದರು. ಇತರರಿಗೆ ಹೆಚ್ಚೇನೂ ಆಗಲಿಲ್ಲ. ಸ್ಮಿತ್‌ನ ರಕ್ತದೊತ್ತಡ ಮಾತ್ರ ಕುಸಿದು ಅವನು ನಿಲ್ಲಲಾರದವನಾದನು. ಮೂತ್ರ ಪರೀಕ್ಷೆಯಲ್ಲಿ ಅವನ ದೇಹವು ಔಷಧವನ್ನು ಬಹುಮಟ್ಟಿಗೆ ಒಡೆಯದೆ ಹಾಗೆಯೇ ಹೊರಹಾಕಿರುವುದು ಕಂಡಿತು. ಇದೇ ಸಮಯದಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಮಿಷೆಲ್ ಐಖೆಲ್‌ಬೌಮ್ ಸ್ಪಾರ್ಟಿನ್ ಎಂಬ ಬೇರೊಂದು ಔಷಧದಲ್ಲಿ ಇಂತಹದೇ ವ್ಯತ್ಯಾಸವನ್ನು ಕಂಡನು. ಎರಡಕ್ಕೂ ಕಾರಣ ಒಂದೇ ಕಿಣ್ವ. ಅದು ಇಂದು ಸಿವೈಪಿ2ಡಿ6 ಎಂಬ ಹೆಸರಿನಿಂದ ಪರಿಚಿತವಾಗಿದೆ.

ಸೈಟೋಕ್ರೋಮ್ ಪಿ450 ಕುಟುಂಬಕ್ಕೆ ಸೇರಿದ 57 ವಂಶವಾಹಿಗಳು ಮನುಷ್ಯನಲ್ಲಿವೆ. ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬಹುಪಾಲು ಔಷಧಗಳ ರೂಪಾಂತರವನ್ನು ನಿರ್ವಹಿಸುತ್ತವೆ. 22ನೆಯ ವರ್ಣತಂತುವಿನಲ್ಲಿರುವ ಸಿವೈಪಿ2ಡಿ6 ಮಾನಸಿಕ ಖಿನ್ನತೆ, ಹೃದಯರೋಗ, ನೋವು ಮುಂತಾದವುಗಳ ಅನೇಕ ಔಷಧಗಳ ಮೇಲೆ ಕೆಲಸ ಮಾಡುತ್ತದೆ. ಈ ಕಿಣ್ವದ ಮಟ್ಟಿಗೆ ಜನರನ್ನು ಮಂದ, ಮಧ್ಯಮ, ಸಹಜ ಮತ್ತು ಅತಿವೇಗದ ಚಯಾಪಚಯಿಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಯೂರೋಪಿನವರಲ್ಲಿ ಶೇಕಡಾ 5ರಿಂದ 10ರಷ್ಟು ಮಂದಿ ಮಂದ ಗುಂಪಿನವರು. ಇಥಿಯೋಪಿಯಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ಸುಮಾರು ಶೇಕಡಾ 29ರಷ್ಟು ಮಂದಿಯಲ್ಲಿ ಈ ವಂಶವಾಹಿಯ ಹೆಚ್ಚುವರಿ ಪ್ರತಿಗಳು ಕಂಡುಬಂದಿದ್ದವು.

ಕೋಡೀನ್ ಈ ಕಿಣ್ವದ ಪಾತ್ರವನ್ನು ಸ್ಪಷ್ಟವಾಗಿ ತೋರಿಸುತ್ತದೆ. ನೋವಿಗೂ ಕೆಮ್ಮಿಗೂ ಬಳಸುವ ಈ ಔಷಧವು ತಾನಾಗಿ ಬಹಳ ದುರ್ಬಲ. ಸಿವೈಪಿ2ಡಿ6 ಅದರ ಒಂದು ಸಣ್ಣ ಭಾಗವನ್ನು ಮಾರ್ಫಿನ್ ಆಗಿ ಪರಿವರ್ತಿಸುವುದರಿಂದಲೇ ನೋವು ಶಮನವಾಗುತ್ತದೆ. ಮಂದ ಚಯಾಪಚಯಿಗೆ ಕೋಡೀನ್‌ನಿಂದ ನೋವು ಇಳಿಯುವುದಿಲ್ಲ. ಔಷಧ ಸಾಲದೆಂದು ಇನ್ನಷ್ಟು ಕೇಳಿದ ರೋಗಿಯನ್ನು ಚಟಕ್ಕೆ ಬಿದ್ದವನೆಂದು ಶಂಕಿಸುವ ಅನ್ಯಾಯಕ್ಕೂ ಇದು ಎಡೆ ಮಾಡಿಕೊಡುತ್ತದೆ. ಅತಿವೇಗದ ಚಯಾಪಚಯಿಯಲ್ಲಿ ಮಾರ್ಫಿನ್ ಒಮ್ಮೆಗೇ ಏರಿ ಉಸಿರಾಟ ನಿಲ್ಲಬಹುದು. ಗಲಗ್ರಂಥಿಯ ಶಸ್ತ್ರಚಿಕಿತ್ಸೆಯ ಬಳಿಕ ವೈದ್ಯರು ಸೂಚಿಸಿದ ಪ್ರಮಾಣದಲ್ಲಿಯೇ ಕೋಡೀನ್ ಪಡೆದ ಮಕ್ಕಳು ಹೀಗೆ ಮರಣ ಹೊಂದಿದ ಪ್ರಕರಣಗಳು ವರದಿಯಾದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರಲ್ಲಿ ಅಂತಹ ಮಕ್ಕಳ ಬಗ್ಗೆ ಅತ್ಯುನ್ನತ ದರ್ಜೆಯ ಎಚ್ಚರಿಕೆಯನ್ನು ಪ್ರಕಟಿಸಿ, 2017ರಲ್ಲಿ 12 ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ಕೋಡೀನ್ ನೀಡಲೇಬಾರದೆಂದು ಸೂಚಿಸಿತು. ಇಲ್ಲಿ ವಂಶವಾಹಿ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಬದಲು ಔಷಧವನ್ನೇ ಕೈಬಿಟ್ಟದ್ದು ಗಮನಾರ್ಹ. ಸುರಕ್ಷಿತ ಪರ್ಯಾಯ ಲಭ್ಯವಿರುವಾಗ ಅದು ವಿವೇಕದ ನಿರ್ಧಾರವೂ ಹೌದು.

ಇನ್ನೊಂದು ಮುಖ್ಯ ಕಿಣ್ವ ಸಿವೈಪಿ2ಸಿ19. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿದ ಬಳಿಕ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್ ಈ ಕಿಣ್ವದಿಂದಲೇ ಸಕ್ರಿಯಗೊಳ್ಳುತ್ತದೆ. ಕಿಣ್ವ ಕೆಲಸ ಮಾಡದವರಲ್ಲಿ ಗುಳಿಗೆ ನುಂಗಿದರೂ ರಕ್ಷಣೆ ದೊರೆಯದೆ ಸ್ಟೆಂಟ್ ಕಟ್ಟಿಕೊಳ್ಳುವ ಅಪಾಯ ಹೆಚ್ಚು. 2010ರಲ್ಲಿ ಅಮೆರಿಕದಲ್ಲಿ ಈ ಬಗ್ಗೆ ಎಚ್ಚರಿಕೆ ಪ್ರಕಟವಾಯಿತು. ಕೆಲಸ ಮಾಡದ ಮುಖ್ಯ ರೂಪವು ದಕ್ಷಿಣ ಏಷ್ಯಾದ ಜನರಲ್ಲಿ ಯೂರೋಪಿನವರಿಗಿಂತ ಸುಮಾರು ಎರಡು ಪಟ್ಟು ಸಾಮಾನ್ಯವಾಗಿದೆ. ಹೃದಯಾಘಾತ ವ್ಯಾಪಕವಾಗಿರುವ ಭಾರತದಲ್ಲಿ ಇದು ಸಣ್ಣ ಸಂಗತಿಯಲ್ಲ. ಪ್ರಾಸುಗ್ರೆಲ್, ಟಿಕಾಗ್ರೆಲೋರ್ ಎಂಬ ಪರ್ಯಾಯಗಳು ಈ ಕಿಣ್ವವನ್ನು ಇದೇ ರೀತಿ ಅವಲಂಬಿಸಿಲ್ಲ, ಆದರೆ ಅವುಗಳಿಂದ ರಕ್ತಸ್ರಾವದ ಸಂಭವ ಹೆಚ್ಚು. ವಿನೋದವೆಂದರೆ, ಇದೇ ಕಿಣ್ವ ದುರ್ಬಲವಾಗಿರುವವರಿಗೆ ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ರೋಗನಿರೋಧಕ ವ್ಯವಸ್ಥೆ ಮತ್ತು ಚರ್ಮದ ಪ್ರತಿಕ್ರಿಯೆಗಳು

ಕೆಲವು ಪ್ರತಿಕ್ರಿಯೆಗಳಿಗೆ ಔಷಧದ ಪ್ರಮಾಣ ಹೆಚ್ಚಾದದ್ದು ಕಾರಣವಲ್ಲ. ಜೀವಕೋಶಗಳ ಮೇಲ್ಮೈಯಲ್ಲಿ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿದ್ದು, ಅವು ಕೋಶದೊಳಗಿನ ತುಣುಕುಗಳನ್ನು ರೋಗನಿರೋಧಕ ಕೋಶಗಳಿಗೆ ತೋರಿಸುತ್ತವೆ. ಕೆಲವು ಔಷಧಗಳು ನಿರ್ದಿಷ್ಟ ಎಚ್‌ಎಲ್‌ಎ ರೂಪಕ್ಕೆ ಮಾತ್ರ ಅಂಟಿಕೊಂಡು, ಸ್ವಂತ ಅಂಗಾಂಶವೇ ಪರಕೀಯವೆಂಬ ಭ್ರಮೆಯನ್ನು ಉಂಟುಮಾಡುತ್ತವೆ.

ಮೂರ್ಛೆರೋಗಕ್ಕೆ ಅಗ್ಗವಾಗಿ ದೊರೆಯುವ ಕಾರ್ಬಮಜೆಪಿನ್ ಕೆಲವರಲ್ಲಿ ಸ್ಟೀವನ್ಸ್-ಜಾನ್ಸನ್ ಲಕ್ಷಣಕೂಟವನ್ನು ಉಂಟುಮಾಡುತ್ತದೆ. ಜ್ವರದೊಂದಿಗೆ ಆರಂಭವಾಗಿ ಬಾಯಿ, ಕಣ್ಣು, ಜನನಾಂಗಗಳ ಒಳಪೊರೆ ಹುಣ್ಣಾಗುತ್ತದೆ, ಚರ್ಮ ಸುಟ್ಟಂತೆ ಬೊಬ್ಬೆಯೆದ್ದು ಸುಲಿಯುತ್ತದೆ. ಬದುಕುಳಿದವರಲ್ಲಿ ಕೆಲವರು ದೃಷ್ಟಿ ಕಳೆದುಕೊಳ್ಳುತ್ತಾರೆ. 2004ರಲ್ಲಿ ತೈವಾನಿನ ಸಂಶೋಧಕರು ಇಂತಹ 44 ರೋಗಿಗಳನ್ನು ಪರೀಕ್ಷಿಸಿದಾಗ 44 ಮಂದಿಯಲ್ಲಿಯೂ ಎಚ್‌ಎಲ್‌ಎ-ಬಿ*15:02 ಎಂಬ ರೂಪವಿತ್ತು. ಅದೇ ಔಷಧವನ್ನು ತೊಂದರೆಯಿಲ್ಲದೆ ಸೇವಿಸುತ್ತಿದ್ದ 101 ಮಂದಿಯಲ್ಲಿ ಅದು ಇದ್ದದ್ದು ಮೂವರಲ್ಲಿ. ಔಷಧದ ಪ್ರತಿಕ್ರಿಯೆಯೊಂದಿಗೆ ಇಷ್ಟು ಬಿಗಿಯಾದ ಆನುವಂಶಿಕ ಸಂಬಂಧ ಬಲು ಅಪರೂಪ. ಬಳಿಕ ತೈವಾನಿನಲ್ಲಿಯೇ 4,877 ಮಂದಿಗೆ ಔಷಧ ಆರಂಭಿಸುವ ಮುನ್ನ ಪರೀಕ್ಷೆ ನಡೆಸಿ, ಈ ರೂಪವಿದ್ದ ಶೇಕಡಾ 7.7 ಮಂದಿಗೆ ಬೇರೆ ಔಷಧ ಸೂಚಿಸಲಾಯಿತು. ಹಿಂದಿನ ಅನುಭವದ ಪ್ರಕಾರ ಸುಮಾರು ಹತ್ತು ಪ್ರಕರಣಗಳು ಸಂಭವಿಸಬೇಕಿತ್ತು. ಒಂದೂ ಸಂಭವಿಸಲಿಲ್ಲ. ಆ ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಈ ರೂಪವು ಹಾನ್ ಚೀನೀಯರು, ಥಾಯ್ ಮತ್ತು ಮಲಯ ಜನರಲ್ಲಿ ಸಾಮಾನ್ಯ, ಯೂರೋಪಿನವರಲ್ಲಿ ಅತಿ ವಿರಳ. ಭಾರತದಲ್ಲಿಯೂ ಇದರ ಸಂಬಂಧ ವರದಿಯಾಗಿದೆ. ಆದರೆ ಇದು ಇಲ್ಲದಿದ್ದ ಮಾತ್ರಕ್ಕೆ ಔಷಧ ಸುರಕ್ಷಿತವೆನ್ನಲಾಗದು. ಯೂರೋಪಿನವರು ಮತ್ತು ಜಪಾನೀಯರಲ್ಲಿ ಎಚ್‌ಎಲ್‌ಎ-ಎ*31:01 ಎಂಬ ಬೇರೊಂದು ರೂಪ ಇದೇ ಔಷಧದ ಪ್ರತಿಕ್ರಿಯೆಗಳೊಂದಿಗೆ ತಳಕು ಹಾಕಿಕೊಂಡಿದೆ.

ಎಚ್‌ಐವಿ ಚಿಕಿತ್ಸೆಯ ಅಬಕಾವಿರ್ ಔಷಧಕ್ಕೂ ಎಚ್‌ಎಲ್‌ಎ-ಬಿ*57:01 ರೂಪಕ್ಕೂ ಇಂತಹದೇ ನಂಟಿದೆ. 2008ರಲ್ಲಿ ಪ್ರಕಟವಾದ, 19 ದೇಶಗಳ 1,956 ರೋಗಿಗಳ ಪರೀಕ್ಷೆಯಲ್ಲಿ ಮುಂಚಿತವಾಗಿ ವಂಶವಾಹಿ ನೋಡಿ ಔಷಧ ಕೊಟ್ಟ ಗುಂಪಿನಲ್ಲಿ ಚರ್ಮಪರೀಕ್ಷೆಯಿಂದ ಖಚಿತಪಟ್ಟ ಅತಿಸಂವೇದನೆ ಒಬ್ಬರಿಗೂ ಬರಲಿಲ್ಲ. ಇನ್ನೊಂದು ಗುಂಪಿನಲ್ಲಿ ಶೇಕಡಾ 2.7 ಮಂದಿಗೆ ಬಂದಿತು. ಅಂದಿನಿಂದ ಅಬಕಾವಿರ್‌ಗೆ ಮುನ್ನ ಈ ಪರೀಕ್ಷೆ ಮಾಡುವುದು ಅನೇಕ ದೇಶಗಳಲ್ಲಿ ವಾಡಿಕೆಯಾಗಿದೆ.

ಕ್ಯಾನ್ಸರ್ ಔಷಧಗಳು

ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ ಮರ್ಕ್ಯಾಪ್ಟೊಪ್ಯೂರಿನ್ ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯ ಆಧಾರಸ್ತಂಭಗಳಲ್ಲೊಂದು. ಟಿಪಿಎಂಟಿ ಎಂಬ ಕಿಣ್ವ ಇದನ್ನು ನಿಷ್ಕ್ರಿಯಗೊಳಿಸುತ್ತದೆ. ಯೂರೋಪಿನ ಮೂಲದವರಲ್ಲಿ ಸುಮಾರು 300ರಲ್ಲಿ ಒಬ್ಬರಿಗೆ ಈ ಕಿಣ್ವ ಇಲ್ಲವೇ ಇಲ್ಲ. ಅವರಿಗೆ ಸಾಮಾನ್ಯ ಪ್ರಮಾಣ ಕೊಟ್ಟರೆ ಅಸ್ಥಿಮಜ್ಜೆ ನಾಶವಾಗಿ ಬಿಳಿಯ ರಕ್ತಕಣಗಳು ಕುಸಿಯುತ್ತವೆ. ಪ್ರಮಾಣವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೆ ಅದೇ ಔಷಧ ಅವರಿಗೂ ಹಿತವಾಗುತ್ತದೆ.

ಏಷ್ಯಾದಲ್ಲಿ ಮಾತ್ರ ಈ ವಿವರಣೆ ಹೊಂದುತ್ತಿರಲಿಲ್ಲ. ಅಲ್ಲಿನ ರೋಗಿಗಳಲ್ಲಿ ಟಿಪಿಎಂಟಿ ದೋಷ ಕಡಿಮೆ, ಆದರೂ ರಕ್ತಕಣಗಳ ಕುಸಿತ ಹೆಚ್ಚು. ಯೂರೋಪಿನಲ್ಲಿ ರೂಪಿಸಿದ ಪರೀಕ್ಷೆ ಮಾಡಿ ಎಲ್ಲವೂ ಸರಿಯಾಗಿದೆ ಎಂಬ ವರದಿ ಪಡೆದವರೂ ಅಪಾಯಕ್ಕೆ ಸಿಲುಕುತ್ತಿದ್ದರು. 2014ರಲ್ಲಿ ಕೊರಿಯಾದ ಸಂಶೋಧಕರು ಕರುಳಿನ ಉರಿಯೂತಕ್ಕೆ ಇದೇ ವರ್ಗದ ಔಷಧ ಪಡೆಯುತ್ತಿದ್ದ ರೋಗಿಗಳಲ್ಲಿ ಎನ್‌ಯುಡಿಟಿ15 ಎಂಬ ಬೇರೊಂದು ವಂಶವಾಹಿಯನ್ನು ಗುರುತಿಸುವವರೆಗೆ ಈ ಒಗಟು ಬಿಡಲಿಲ್ಲ. ಭಾರತೀಯರಲ್ಲಿಯೂ ಟಿಪಿಎಂಟಿಗಿಂತ ಎನ್‌ಯುಡಿಟಿ15ರ ದೋಷವೇ ಹೆಚ್ಚು ಮುಖ್ಯ.

ಫ್ಲೂರೊಯುರಾಸಿಲ್ ಮತ್ತು ಕ್ಯಾಪಿಸಿಟಬಿನ್ ಔಷಧಗಳನ್ನು ಒಡೆಯುವ ಕಿಣ್ವದ ವಂಶವಾಹಿ ಡಿಪಿವೈಡಿ. ಇದರ ತೀವ್ರ ಕೊರತೆಯಿರುವವರಿಗೆ ಚಿಕಿತ್ಸೆಯ ಮೊದಲ ಸುತ್ತೇ ಪ್ರಾಣಾಂತಕವಾಗಬಹುದು. ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಚಿಕಿತ್ಸೆಗೆ ಮುನ್ನ ಪರೀಕ್ಷಿಸುವಂತೆ ಶಿಫಾರಸು ಮಾಡಿತು.

ಜನಾಂಗವೆಂಬ ಹಣೆಪಟ್ಟಿ

ವಂಶವಾಹಿ ರೂಪಗಳ ಪ್ರಮಾಣ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದನ್ನು ಕಂಡು, ರೋಗಿಯ ಜನಾಂಗ ನೋಡಿ ಔಷಧ ಬರೆಯುವ ಪ್ರವೃತ್ತಿ ಬೆಳೆಯಿತು. 2005ರಲ್ಲಿ ಅಮೆರಿಕದಲ್ಲಿ ಬೈಡಿಲ್ ಎಂಬ ಹೃದಯವೈಫಲ್ಯದ ಔಷಧಕ್ಕೆ, ತಮ್ಮನ್ನು ಕಪ್ಪು ಜನಾಂಗದವರೆಂದು ಗುರುತಿಸಿಕೊಳ್ಳುವ ರೋಗಿಗಳಿಗಾಗಿ ಎಂದೇ ಅನುಮತಿ ದೊರೆಯಿತು. ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ಬೇರೆಯವರು ಇರಲೇ ಇಲ್ಲ, ಅನುಮತಿಯು ಯಾವುದೇ ವಂಶವಾಹಿ ಪರೀಕ್ಷೆಯನ್ನು ಅವಲಂಬಿಸಿಯೂ ಇರಲಿಲ್ಲ. ಈ ಕ್ರಮ ತೀವ್ರ ಟೀಕೆಗೊಳಗಾಯಿತು, ಮತ್ತು ಟೀಕೆಯಲ್ಲಿ ಹುರುಳಿತ್ತು. ಗುಂಪಿನ ಸರಾಸರಿಯು ವ್ಯಕ್ತಿಯ ಬಗ್ಗೆ ಹೇಳುವುದು ಕಡಿಮೆ. ಅಪಾಯಕಾರಿ ರೂಪ ವಿರಳವಾಗಿರುವ ಗುಂಪಿನಲ್ಲಿಯೂ ಅದನ್ನು ಹೊತ್ತವರಿರುತ್ತಾರೆ, ಸಾಮಾನ್ಯವಾಗಿರುವ ಗುಂಪಿನಲ್ಲಿಯೂ ಹಲವು ವೇಳೆ ಹೆಚ್ಚಿನವರು ಅದನ್ನು ಹೊತ್ತಿರುವುದಿಲ್ಲ. ಏಷ್ಯನ್ ಎಂಬ ಒಂದೇ ಪದದ ಅಡಿಯಲ್ಲಿ ಜಪಾನೀಯರನ್ನೂ ತಮಿಳರನ್ನೂ ಪಂಜಾಬಿಗಳನ್ನೂ ಸೇರಿಸುವ ವಿಂಗಡಣೆಗೆ ತಳಿವಿಜ್ಞಾನದ ಆಧಾರವಿಲ್ಲ.

ಪರೀಕ್ಷೆಗಳ ಉಪಯುಕ್ತತೆ ಮತ್ತು ಮಿತಿಗಳು

ರಕ್ತ ಅಥವಾ ಜೊಲ್ಲಿನ ಮಾದರಿಯಿಂದ ನಡೆಸುವ ಈ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿದರೆ ಸಾಕು, ಏಕೆಂದರೆ ಹುಟ್ಟಿನಿಂದ ಬಂದ ಡಿಎನ್‌ಎ ಬದಲಾಗುವುದಿಲ್ಲ. ಆದರೂ ಇವು ಎಲ್ಲೆಡೆ ವಾಡಿಕೆಯಾಗಿಲ್ಲ. ವಾರ್ಫರಿನ್ ಇದಕ್ಕೆ ಉತ್ತಮ ನಿದರ್ಶನ. ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, ಬಳಿಕ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧವಾದ ಇದರ ಸರಿಯಾದ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ. ಕಡಿಮೆಯಾದರೆ ಪಾರ್ಶ್ವವಾಯು, ಹೆಚ್ಚಾದರೆ ರಕ್ತಸ್ರಾವ. ಸಿವೈಪಿ2ಸಿ9 ಮತ್ತು ವಿಕೆಓಆರ್‌ಸಿ1 ವಂಶವಾಹಿಗಳು ಈ ಭಿನ್ನತೆಯ ದೊಡ್ಡ ಪಾಲನ್ನು ವಿವರಿಸುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ 2013ರಲ್ಲಿ ಒಟ್ಟಿಗೆ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ವಿರುದ್ಧ ಉತ್ತರಗಳನ್ನು ನೀಡಿದವು. ಯೂರೋಪಿನ ಪ್ರಯೋಗದಲ್ಲಿ ವಂಶವಾಹಿ ನೋಡಿ ಪ್ರಮಾಣ ನಿರ್ಧರಿಸಿದ್ದರಿಂದ ಲಾಭ ಕಂಡಿತು, ಅಮೆರಿಕದ ಪ್ರಯೋಗದಲ್ಲಿ ಕಾಣಲಿಲ್ಲ. ಅಮೆರಿಕದಲ್ಲಿ ಭಾಗವಹಿಸಿದ ಕಪ್ಪು ರೋಗಿಗಳಲ್ಲಂತೂ ಫಲಿತಾಂಶ ಕೆಟ್ಟಿತು. ಆಫ್ರಿಕನ್ ಮೂಲದವರಲ್ಲಿ ಸಾಮಾನ್ಯವಾಗಿರುವ ಸಿವೈಪಿ2ಸಿ9 ರೂಪಗಳು ಆ ಪರೀಕ್ಷೆಯಲ್ಲಿ ಸೇರಿರಲಿಲ್ಲ.

2023ರಲ್ಲಿ ಪ್ರಕಟವಾದ ಪ್ರಿಪೇರ್ ಎಂಬ ಪ್ರಯೋಗವು ಯೂರೋಪಿನ ಏಳು ದೇಶಗಳಲ್ಲಿ 6,944 ರೋಗಿಗಳನ್ನು ಒಳಗೊಂಡಿತ್ತು. 12 ವಂಶವಾಹಿಗಳನ್ನು ಮುಂಚಿತವಾಗಿ ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಔಷಧ ನೀಡಿದಾಗ, ಕ್ರಮ ಕೈಗೊಳ್ಳಬೇಕಾದ ರೂಪವಿದ್ದವರಲ್ಲಿ ಗಮನಾರ್ಹ ಅಡ್ಡಪರಿಣಾಮಗಳು ಶೇಕಡಾ 27.7ರಿಂದ 21ಕ್ಕೆ ಇಳಿದವು. ಯಾವ ಫಲಿತಾಂಶಕ್ಕೆ ಯಾವ ಕ್ರಮ ಎಂಬುದರ ಬಗ್ಗೆ ವೈದ್ಯರಿಗೆ ಮಾರ್ಗಸೂಚಿ ನೀಡಲು 2009ರಲ್ಲಿ ಸ್ಥಾಪನೆಯಾದ ಸಿಪಿಐಸಿ ಎಂಬ ಅಂತಾರಾಷ್ಟ್ರೀಯ ಒಕ್ಕೂಟ ಮತ್ತು ನೆದರ್ಲೆಂಡ್ಸ್‌ನ ಕಾರ್ಯತಂಡ ಶ್ರಮಿಸುತ್ತಿವೆ.

ವಂಶವಾಹಿಯ ಮಾತು ಅಂತಿಮವೂ ಅಲ್ಲ. ಸಹಜ ಸಿವೈಪಿ2ಡಿ6 ಇರುವವರು ಖಿನ್ನತೆಗೆ ಫ್ಲುವೊಕ್ಸೆಟಿನ್ ಅಥವಾ ಪ್ಯಾರೊಕ್ಸೆಟಿನ್ ಸೇವಿಸುತ್ತಿದ್ದರೆ, ಆ ಔಷಧ ಕಿಣ್ವವನ್ನು ತಡೆಯುವುದರಿಂದ ಅವರು ತಾತ್ಕಾಲಿಕವಾಗಿ ಮಂದ ಚಯಾಪಚಯಿಗಳಂತೆ ವರ್ತಿಸುತ್ತಾರೆ. ವರದಿಯನ್ನು ಕಂಡು ರೋಗಿಗಳು ವೈದ್ಯರನ್ನು ಕೇಳದೆ ಔಷಧ ನಿಲ್ಲಿಸುವುದು ಅಥವಾ ಪ್ರಮಾಣ ಬದಲಿಸುವುದು ಅಪಾಯಕರ.

ಭಾರತದಲ್ಲಿ

ಭಾರತದಲ್ಲಿ ವಂಶವಾಹಿ ಭಿನ್ನತೆಯ ಪ್ರಶ್ನೆ ನಿತ್ಯವೂ ಎದುರಾಗುವ ಸ್ಥಳವೆಂದರೆ ಮಲೇರಿಯಾ ಚಿಕಿತ್ಸೆ. ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ಬಳಿಕ ಮತ್ತೆ ಜ್ವರ ತರುತ್ತದೆ. ಅದನ್ನು ನಿರ್ಮೂಲಗೊಳಿಸಲು 14 ದಿನಗಳ ಪ್ರೈಮಾಕ್ವಿನ್ ಕೊಡಲಾಗುತ್ತದೆ. ಮಲೇರಿಯಾ ದೀರ್ಘಕಾಲ ಕಾಡಿದ ಮಂಗಳೂರಿನಂತಹ ನಗರಗಳಲ್ಲಿ ಇದು ಸುಪರಿಚಿತ ಔಷಧ. ಜಿ6ಪಿಡಿ ಕೊರತೆಯಿರುವ ರೋಗಿಗೆ ಇದೇ ಔಷಧ ರಕ್ತಕಣಗಳನ್ನು ಒಡೆಯುತ್ತದೆ. ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೂ ಮೈಟೊಕಾಂಡ್ರಿಯವೂ ಇರುವುದಿಲ್ಲ. ಔಷಧದಿಂದ ಹುಟ್ಟುವ ಉತ್ಕರ್ಷಣದ ಹಾನಿಯನ್ನು ತಡೆಯಲು ಅದಕ್ಕಿರುವ ಆಸರೆ ಬಹುಮಟ್ಟಿಗೆ ಈ ಕಿಣ್ವವೊಂದೇ. ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡಸರಲ್ಲಿ ತೊಂದರೆ ಹೆಚ್ಚು. ಈ ಕೊರತೆ ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಲ್ಲಿದೆ ಎಂಬ ಅಂದಾಜಿದೆ. ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ನೀಡುವುದರಿಂದಲೇ ಅದು ಮಲೇರಿಯಾ ಹಬ್ಬಿದ ನಾಡುಗಳಲ್ಲಿ ಉಳಿದು ಬೆಳೆದಿದೆ. ಹೀಗಾಗಿ ಔಷಧ ಹೆಚ್ಚು ಬೇಕಾದ ಕಡೆಯೇ ಅದರ ಅಪಾಯವೂ ಹೆಚ್ಚು. ಭಾರತದ ಕೆಲವು ಬುಡಕಟ್ಟುಗಳಲ್ಲಿ ಕೊರತೆಯ ಪ್ರಮಾಣ ಗಣನೀಯವಾಗಿದ್ದು, ಇನ್ನು ಕೆಲವು ಸಮುದಾಯಗಳಲ್ಲಿ ಅದು ಕಾಣುವುದೇ ಇಲ್ಲ. ಪ್ರೈಮಾಕ್ವಿನ್ ಸೇವಿಸುವಾಗ ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ಅಥವಾ ವಿಪರೀತ ಸುಸ್ತಾದರೆ ಔಷಧ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕೆಂಬ ಸೂಚನೆ ಇದಕ್ಕಾಗಿಯೇ ಇರುವುದು.

ದೇಶದ 4,600ಕ್ಕೂ ಹೆಚ್ಚು ಸಮುದಾಯಗಳಲ್ಲಿ ಹಲವು ಶತಮಾನಗಳಿಂದ ಒಳವಿವಾಹದ ಪದ್ಧತಿ ಇರುವುದರಿಂದ, ಒಂದು ಊರಿನ ಎರಡು ಬೀದಿಗಳ ನಡುವೆಯೂ ಕೆಲವು ರೂಪಗಳ ಪ್ರಮಾಣ ಭಿನ್ನವಾಗಿರಬಹುದು. ಆದರೆ ಔಷಧಗಳ ಪ್ರಮಾಣವನ್ನು ನಿರ್ಧರಿಸಿದ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದದ್ದು ಯೂರೋಪಿನ ಮೂಲದವರ ನಡುವೆ. ಈ ಕೊರತೆಯನ್ನು ತುಂಬುವ ಯತ್ನವಾಗಿ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು 2019ರಲ್ಲಿ ಇಂಡಿಜೆನ್ ಯೋಜನೆಯಡಿ ಸಾವಿರಕ್ಕೂ ಹೆಚ್ಚು ಭಾರತೀಯರ ಜೀನೋಮ್‌ಗಳನ್ನು ಓದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆಯು 10,000 ಜೀನೋಮ್‌ಗಳ ದತ್ತಾಂಶವನ್ನು ಸಂಗ್ರಹಿಸಿತು. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ಮುಕ್ತಗೊಳಿಸಲಾಯಿತು. ಮಾದರಿ ನೀಡಿದವರು ಆರೋಗ್ಯವಂತರು. ಅವರಲ್ಲಿ ಯಾವ ರೂಪಗಳಿವೆ ಎಂಬುದನ್ನು ಈ ದತ್ತಾಂಶ ಹೇಳುತ್ತದೆ. ಆ ರೂಪಗಳನ್ನು ಹೊತ್ತ ರೋಗಿಗೆ ಯಾವ ಔಷಧ ಎಷ್ಟು ಸಾಕು ಎಂಬುದನ್ನು ಆಸ್ಪತ್ರೆಗಳಲ್ಲಿ ರೋಗಿಗಳನ್ನೇ ಅನುಸರಿಸಿ ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ.